ಅಮ್ಲೋಡಿಪಿನ್ ತಗೊಳ್ಳೋರು ಹಾಲು, ರಾಗಿ ಬಿಡ್ಬೇಕಾ?

"ಅಪ್ಪಂಗೆ ಶುಗರ್ ಮೊದ್ಲಿಂದ ಇತ್ತು, ಈಗ ಬಿಪಿನೂ ಬಂದಿದೆ. ಡಾಕ್ಟ್ರು ಅಮ್ಲೋಡಿಪಿನ್ ಬರೆದಿದಾರೆ, ಅದು ಕ್ಯಾಲ್ಸಿಯಂ ಬ್ಲಾಕರ್ ಅಂತೆ. ಹಾಲು, ರಾಗಿ ನಿಲ್ಲಿಸ್ಬೇಕಾ?"

ಬೇಡ. ನಿಲ್ಲಿಸ್ಬೇಡಿ. ಇದೇ ಪ್ರಶ್ನೆ ವೇಷ ಬದಲಾಯಿಸ್ಕೊಂಡು ಬರ್ತಾನೇ ಇರುತ್ತೆ, ಒಬ್ರು ಮೊಸರು ಬಿಟ್ಟಿರ್ತಾರೆ, ಇನ್ನೊಬ್ರು ಮೂಳೆ ಸವೆಯುತ್ತೆ ಅಂತ ಮಾತ್ರೆನೇ ಬಿಟ್ಟಿರ್ತಾರೆ, ಈ ಎರಡನೇಯವ್ರನ್ನ ಕಂಡ್ರೆ ನಂಗೆ ಭಯ. ಹಾಗಾಗಿ ಒಂದ್ಸಲ ಪೂರ್ತಿ ಬರೆದುಬಿಡ್ತೀನಿ.

ರಕ್ತನಾಳದ ಗೋಡೇಲಿ ಸ್ನಾಯು ಇದೆ, ಹೈಸ್ಕೂಲಲ್ಲಿ ಅನೈಚ್ಛಿಕ ಸ್ನಾಯು ಅಂತ ಓದಿದ್ವಲ್ಲ, ಅದು. ಆ ಜೀವಕೋಶದ ಒಳಗಿಗಿಂತ ಹೊರಗೆ ಕ್ಯಾಲ್ಸಿಯಂ ಸುಮಾರು 10,000 ಪಟ್ಟು ಜಾಸ್ತಿ. ಪೊರೆಯಲ್ಲಿರೋ ಎಲ್-ಟೈಪ್ ಚಾನೆಲ್ (ಕ್ಯಾಲ್ಸಿಯಂ ಒಳಗೆ ಬಿಡೋ ಬಾಗಿಲು ಅನ್ಕೊಳ್ಳಿ) ತೆರೆದ್ರೆ ಕ್ಯಾಲ್ಸಿಯಂ ಒಳಗೆ ನುಗ್ಗಿ ಕ್ಯಾಲ್ಮೊಡ್ಯುಲಿನ್ ಅನ್ನೋ ಪ್ರೊಟೀನಿಗೆ ಅಂಟ್ಕೊಳ್ಳುತ್ತೆ, ಅಲ್ಲಿಂದ ಸ್ನಾಯು ಬಿಗಿಯಾಗಿ ನಾಳ ಕಿರಿದಾಗುತ್ತೆ, ಪ್ರೆಶರ್ ಏರುತ್ತೆ. ಶುಗರ್ ಜಾಸ್ತಿ ಇದ್ರೆ ಈ ಚಾನೆಲ್‌ಗಳು ಬೇಕಾದ್ದಕ್ಕಿಂತ ಹೆಚ್ಚು ತೆರೀತವೆ (ಇಲಿಗಳಲ್ಲಷ್ಟೇ ಅಲ್ಲ, ಶುಗರ್ ಇರೋ ಮನುಷ್ಯರ ಸಣ್ಣ ಅಪಧಮನಿ ತುಣುಕಲ್ಲೂ ನೋಡಿದಾರೆ), ನಾಳ ಸಡಿಲ ಮಾಡೋ ಬಿಕೆ ಅನ್ನೋ ಪೊಟ್ಯಾಶಿಯಂ ಚಾನೆಲ್ ಮಂಕಾಗುತ್ತೆ, ರೋ-ಕೈನೇಸ್ ಅನ್ನೋ ಕಿಣ್ವ ಚುರುಕಾಗಿ ಅಷ್ಟೇ ಕ್ಯಾಲ್ಸಿಯಂಗೆ ಸ್ನಾಯು ಇನ್ನೂ ಜಾಸ್ತಿ ಬಿಗಿಯುತ್ತೆ, ಜೊತೆಗೆ ನಾಳದ ಒಳಪದರ ಬಿಡ್ಬೇಕಾದ ನೈಟ್ರಿಕ್ ಆಕ್ಸೈಡೂ ಕಮ್ಮಿ. ಶುಗರ್ ಹಿಂದೇನೇ ಬಿಪಿ ಬರೋದಕ್ಕೆ ಇದೂ ಒಂದು ಕಾರಣ, ಕಿಡ್ನಿ, ತೂಕದ್ದೆಲ್ಲ ಬೇರೆ ಕಥೆ.

ಈಗ ಗಮನ ಇಟ್ಟು ಓದಿ. ಅಮ್ಲೋಡಿಪಿನ್ ಮಾಡೋದು ಆ ಎಲ್-ಟೈಪ್ ಚಾನೆಲ್ ತೆರೆಯೋದನ್ನ ಕಮ್ಮಿ ಮಾಡೋದು, ಅಷ್ಟೇ. ರಕ್ತದಲ್ಲಿರೋ ಕ್ಯಾಲ್ಸಿಯಂ ಮುಟ್ಟಲ್ಲ, ಮೂಳೆಯಿಂದ ಕೀಳಲ್ಲ. ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99 ಮೂಳೆ-ಹಲ್ಲಲ್ಲಿದೆ, ರಕ್ತದಲ್ಲಿರೋದನ್ನ ಪ್ಯಾರಾಥೈರಾಯ್ಡ್ ಹಾರ್ಮೋನು, ವಿಟಮಿನ್ ಡಿ ಸೇರಿ ಡೆಸಿಲೀಟರಿಗೆ ಹೆಚ್ಚುಕಮ್ಮಿ 8.5ರಿಂದ 10.5 ಮಿಲಿಗ್ರಾಂ ಒಳಗೇ ಹಿಡಿದಿಟ್ಟಿರ್ತವೆ. 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ, ಆದ್ರೆ ನೀವು ಮಧ್ಯಾಹ್ನ ಮುದ್ದೆ ಉಂಡ್ರಿ ಅಂತ ನಿಮ್ಮ ರಕ್ತನಾಳ ಸಂಜೆ ಬಿಗಿಯಾಗಲ್ಲ! ಹಾಲು ಕುಡಿದ್ರೆ ಮಾತ್ರೆ ಪವರ್ ಹೋಗುತ್ತೆ ಅನ್ನೋದೂ ಸುಳ್ಳು. "ಅಮ್ಲೋಡಿಪಿನ್ ಜಾಸ್ತಿ ನುಂಗಿದೋರಿಗೆ ಆಸ್ಪತ್ರೇಲಿ ಕ್ಯಾಲ್ಸಿಯಂ ಕೊಡ್ತಾರಲ್ಲ" ಅಂತ ವಾದ ಮಾಡ್ತಾರೆ ಕೆಲವ್ರು, ಕೊಡ್ತಾರೆ ಸ್ವಾಮಿ, ದೊಡ್ಡ ಡೋಸು, ನೇರ ರಕ್ತಕ್ಕೆ ಇಂಜೆಕ್ಷನ್, ಅದಕ್ಕೂ ಒಂದು ಲೋಟ ಹಾಲಿಗೂ ಏನ್ ಸಂಬಂಧ? ಅಪ್ಪನ ಮುದ್ದೆ ಸಣ್ಣದು ಮಾಡ್ಬೇಕು ಅಂದ್ರೆ ಮಾಡಿ, ಆದ್ರೆ ಅದರಲ್ಲಿರೋ ಪಿಷ್ಟಕ್ಕೋಸ್ಕರ, ಶುಗರ್‌ಗೋಸ್ಕರ ಮಾಡಿ.

ಒಂದು ಕಡೆ ಮಾತ್ರ ಎಚ್ಚರ. ಎಷ್ಟೋ ಬಿಪಿ ಮಾತ್ರೇಲಿ ಅಮ್ಲೋಡಿಪಿನ್ ಜೊತೆ ಕ್ಲೋರ್‌ಥಾಲಿಡೋನ್ ಅನ್ನೋ ಮೂತ್ರ ಹೋಗೋ ಔಷಧಿ ಸೇರಿಸಿರ್ತಾರೆ, ಅದು ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗೋದನ್ನ ತಡೆಯುತ್ತೆ. ಅದರ ಜೊತೆ ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ಸ್ಯಾಚೆ ಎಲ್ಲ ನೀವೇ ಶುರು ಮಾಡ್ಕೊಂಡ್ರೆ ರಕ್ತದಲ್ಲಿ ಕ್ಯಾಲ್ಸಿಯಂ ನಿಜವಾಗ್ಲೂ ಏರಬಹುದು. ಸ್ಟ್ರಿಪ್ ಹಿಂದಿರೋ ಸಣ್ಣ ಅಕ್ಷರ ಓದಿ, ಡಾಕ್ಟ್ರಿಗೆ ತೋರಿಸಿ.

ಅಂದ್ಹಾಗೆ ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೀನಿ: ಈ ಮಾತ್ರೆ ಶುರು ಮಾಡಿದ್ಮೇಲೆ ಕೆಲವ್ರಿಗೆ ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಪಟ್ಟಿ ಗುರುತು ಬೀಳುತ್ತೆ, ಮನೇಲಿ ಶುಗರ್ ಇರೋರು ಅಂದ್ರೆ ತಕ್ಷಣ ಕಿಡ್ನಿ ಹೋಯ್ತು ಅಂತ ಗಾಬರಿ. ಸಣ್ಣ ಅಪಧಮನಿಗಳು ಸಡಿಲ ಆಗ್ತವೆ, ಆದ್ರೆ ಸಿರೆಗಳು ಅಷ್ಟು ಸಡಿಲ ಆಗಲ್ಲ, ಮಧ್ಯದ ಲೋಮನಾಳದಲ್ಲಿ ಒತ್ತಡ ಏರಿ ನೀರು ಹೊರಗೆ ಒಸರುತ್ತೆ. ಅದಕ್ಕೇ ಇಂಥ ಊತಕ್ಕೆ ಮೂತ್ರ ಹೋಗೋ ಮಾತ್ರೆ ಕೊಟ್ರೂ ಅಷ್ಟೇನೂ ಇಳಿಯಲ್ಲ, ಡೋಸ್ ಇಳಿಸಿದ್ರೆ ಅಥವಾ ಟೆಲ್ಮಿಸಾರ್ಟನ್ ಥರದ ಇನ್ನೊಂದು ಬಿಪಿ ಔಷಧಿ ಸೇರಿಸಿದ್ರೆ ಇಳಿಯುತ್ತೆ, ಆ ತೀರ್ಮಾನ ಡಾಕ್ಟ್ರದ್ದು. ಕಿಡ್ನಿ ಅನುಮಾನ ಇದ್ರೆ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಮಾಡಿಸಿ, ಒಂದೇ ಕಾಲು ಊದಿ ನೋವಿದ್ರೆ ಮಾತ್ರ ಮಾತ್ರೆ ಮೇಲೆ ಹಾಕಿ ಕೂರಬೇಡಿ, ಅವತ್ತೇ ಹೋಗಿ ತೋರಿಸಿ.