ಮರಳ ಮೇಲೋ, ದಂಡೆಯ ಮೇಲೋ? ರಾಬಿನ್ ಹುಡ್ಸ್ ಬೇಗೆ ಹೊರಟವರ ಪ್ರಶ್ನೆ

ಪ್ರಶ್ನೆ: ಜೂನ್‌ನಲ್ಲಿ ಮಗನ ಮನೆಗೆಂದು ಇಂಗ್ಲೆಂಡಿಗೆ ಹೋಗುತ್ತಿದ್ದೇವೆ. ಯಾರ್ಕ್‌ಶೈರ್ ಕರಾವಳಿಯಲ್ಲಿರುವ ರಾಬಿನ್ ಹುಡ್ಸ್ ಬೇ ಎಂಬ ಹಳೆಯ ಮೀನುಗಾರರ ಊರಿನಿಂದ, ಕೊಲ್ಲಿಯ ಆಚೆ ತುದಿಯ ಎತ್ತರದಲ್ಲಿರುವ ರೇವನ್‌ಸ್ಕಾರ್‌ವರೆಗೆ ನಡೆಯಬೇಕೆಂಬ ಆಸೆ. ಕಡಿದಾದ ಎತ್ತರದ ದಂಡೆಯ ಮೇಲೊಂದು ಕಾಲುದಾರಿ ಇದೆ, ಕೆಳಗೆ ಕಡಲ ಅಂಚು ಇದೆ. ಮನೆಯವರಿಗೆ ಮಂಡಿನೋವು, ಏರು ಇಳಿತ ಕಷ್ಟ. ಕೆಳಗೆ ಸಮತಟ್ಟಾಗಿರುವುದರಿಂದ ಅಲ್ಲೇ ನಡೆದು ಹೋಗಬಹುದಲ್ಲವೇ?

ಉತ್ತರ: ಬಾಗಲ್ ಹೋಲ್ ಎಂಬ ಸಂದಿಯವರೆಗೆ, ಹೆಚ್ಚೆಂದರೆ ಅದರಾಚೆಯ ಸ್ಟೂಪ್ ಬೆಕ್ ಎಂಬ ಹಳ್ಳದವರೆಗೆ ನೀವು ಕೆಳಗೆ ನಡೆಯಬಹುದು. ಅದೂ ನೀರು ಇಳಿಯುತ್ತಿರುವಾಗ ಮಾತ್ರ. ಅಲ್ಲಿಂದ ಮುಂದೆ ಮೇಲೆ ಹತ್ತಿಬಿಡಿ. ರೇವನ್‌ಸ್ಕಾರ್‌ವರೆಗೂ ಕಡಲಂಚು ಬಿಡುವುದಿಲ್ಲ ಎಂಬ ಹಟ ಬೇಡ. ಇನ್ನು ನಿಮ್ಮ ಮನೆಯವರಿಗೆ ಈ ಎರಡೂ ದಾರಿ ಬೇಡ. ಮೂರನೆಯದೊಂದಿದೆ, ಅದನ್ನು ಕೊನೆಗೆ ಹೇಳುತ್ತೇನೆ.

‘ಸಮತಟ್ಟು’ ಎಂದಿರಲ್ಲ, ಅದೊಂದು ಭ್ರಮೆ. ಊರಿನ ಕೆಳತುದಿಯಲ್ಲಿ ದೋಣಿಗಳನ್ನು ನೀರಿಗಿಳಿಸುವ ಕಲ್ಲುಹಾಸಿನ ಇಳಿಜಾರು ಇದೆ. ಉಬ್ಬರದ ಹೊತ್ತಿಗೆ ಅಲ್ಲಿ ನಿಂತರೆ ಅಲೆ ಕಾಲಬುಡಕ್ಕೆ ಬರುತ್ತದೆ, ಪಕ್ಕದ ಗೋಡೆಗೆ ಅಪ್ಪಳಿಸುತ್ತದೆ. ಆರು ಗಂಟೆ ಬಿಟ್ಟು ಬಂದು ಅದೇ ಕಲ್ಲಿನ ಮೇಲೆ ನಿಂತರೆ ಕಡಲು ಎಲ್ಲೋ ದೂರದಲ್ಲಿರುತ್ತದೆ. ನಡುವೆ ತೆರೆದುಕೊಂಡಿರುವುದು ಬರೀ ಮರಳಲ್ಲ, ಸಾಲುಸಾಲು ಕಲ್ಲಿನ ಹಾಸುಗಳು. ಅಲ್ಲಿಯ ಜನ ಇವನ್ನು ‘ಸ್ಕಾರ್’ ಎನ್ನುತ್ತಾರೆ. ಜುರಾಸಿಕ್ ಯುಗದ ಗಟ್ಟಿ ಪದರ, ಮೆತ್ತನೆಯ ಪದರಗಳು ಒಂದರ ಮೇಲೊಂದು ಗುಮ್ಮಟದಂತೆ ಉಬ್ಬಿದ್ದವು. ಕಡಲು ಅದರ ನೆತ್ತಿಯನ್ನು ಸವೆಸಿಬಿಟ್ಟಿದೆ. ಉಳಿದಿರುವುದು ಒಡೆದ ಬಳೆಯ ಚೂರುಗಳಂತೆ ಬಾಗಿದ ಕಲ್ಲಿನ ಏರಿಗಳು. ಎರಡು ಏರಿಗಳ ನಡುವೆ, ಮೆತ್ತನೆಯ ಪದರ ಕರಗಿದಲ್ಲಿ, ಕೊರಕಲು.

ಅಪಾಯ ಇರುವುದು ಆ ಕೊರಕಲಿನಲ್ಲಿ. ನೀರು ಏರುವಾಗ ಎದುರಿನಿಂದ ಅಲೆಅಲೆಯಾಗಿ ಬಂದು ಹೆದರಿಸುತ್ತದೆ ಎಂದುಕೊಂಡಿರುತ್ತೇವೆ. ಇಲ್ಲಿ ಅದು ಬೆನ್ನ ಹಿಂದೆ ಬರುತ್ತದೆ. ನೀವು ಹೊರ ಏರಿಯ ಮೇಲೆ ಕುಳಿತು ಶಂಖದಂತೆ ಸುರುಳಿ ಸುತ್ತಿದ ಅಮೊನೈಟ್ ಪಳೆಯುಳಿಕೆ ಹುಡುಕುತ್ತಿರುತ್ತೀರಿ, ಕಾಲಬಳಿಯ ಕಲ್ಲು ಇನ್ನೂ ಒಣಗಿಯೇ ಇರುತ್ತದೆ. ಅಷ್ಟರಲ್ಲಿ ನಿಮಗೂ ದಂಡೆಗೂ ನಡುವಿನ ಕೊರಕಲಿನಲ್ಲಿ ಸದ್ದಿಲ್ಲದೆ ಮೊಣಕಾಲುದ್ದ ನೀರು ತುಂಬಿರುತ್ತದೆ. ಅದರ ತಳವೆಲ್ಲ ಕಂದು ಪಾಚಿ, ಬೆರಳಿನಿಂದ ಒತ್ತಿದರೆ ಪಟ್ಟೆಂದು ಒಡೆಯುವ ಗುಳ್ಳೆಗಳಿರುವ ಜಾತಿಯದು. ಮಕ್ಕಳಿಗೆ ಅದೊಂದು ಆಟ. ಅವಸರದಲ್ಲಿ ದಾಟುವವರಿಗೆ ಎಣ್ಣೆ ಸುರಿದ ನೆಲ. ಬಿಳಿ ಚಿಪ್ಪುಗಳು ಕಚ್ಚಿಕೊಂಡಿರುವ ಒರಟು ಕಲ್ಲಿನ ಮೇಲೆ ಕಾಲಿಡಿ, ಅದು ಜಾರುವುದಿಲ್ಲ.

ಇನ್ನು ಲೆಕ್ಕ. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ, ನೀರಿನ ಮಟ್ಟ ನಾಲ್ಕೂವರೆ ಮೀಟರ್‌ನಷ್ಟು ವ್ಯತ್ಯಾಸವಾಗುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಏರಲು ಆರು ಗಂಟೆಯ ಮೇಲೆ ಸ್ವಲ್ಪ, ಇಳಿಯಲು ಅಷ್ಟೇ. ಆದರೆ ಆರೂ ಗಂಟೆ ಒಂದೇ ಸಮನೆ ಏರುವುದಿಲ್ಲ. ನಾವಿಕರ ಹಳೆಯ ಲೆಕ್ಕದ ಪ್ರಕಾರ ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಾಲ್ಕೂವರೆ ಮೀಟರಿಗೆ ಹಾಕಿ ನೋಡಿ: ಇಳಿತ ಮುಗಿದ ಮೊದಲ ಗಂಟೆಯಲ್ಲಿ ಮೊಣಕಾಲಿನ ಮಟ್ಟಕ್ಕೂ ಏರದ ನೀರು, ಮೂರನೆಯ ಗಂಟೆಯೊಂದರಲ್ಲೇ ಒಂದು ಮೀಟರಿಗಿಂತ ಹೆಚ್ಚು ಏರುತ್ತದೆ. ‘ಈಗಷ್ಟೇ ನೋಡಿದೆ, ಇನ್ನೂ ದೂರದಲ್ಲಿತ್ತು’ ಎಂದು ಸಿಕ್ಕಿಹಾಕಿಕೊಂಡವರು ಹೇಳುವುದು ಸುಳ್ಳಲ್ಲ.

ಹಾಗಾಗಿ ಉಬ್ಬರ ಇಳಿತದ ವೇಳಾಪಟ್ಟಿಯಲ್ಲಿ ಇಳಿತದ ಸಮಯ ನೋಡಿ, ಅದಕ್ಕೆ ಎರಡು ಗಂಟೆ ಮೊದಲು ಊರಿನಿಂದ ಹೊರಡಿ. ಬಾಗಲ್ ಹೋಲ್ ಸುಮಾರು ಒಂದು ಕಿಲೋಮೀಟರ್ ದೂರ. ಹಳ್ಳವೊಂದು ಕಡಲು ಸೇರುವ ಸಂದಿ ಅದು. ಹಳೆಯ ಗಿರಣಿಯೊಂದು ಈಗ ಯಾತ್ರಿಗಳ ತಂಗುದಾಣವಾಗಿದೆ. ‘ಬಾಗಲ್’ ಎಂದರೆ ಅಲ್ಲಿಯ ಮಾತಿನಲ್ಲಿ ಗುಮ್ಮ ಎಂದಂತೆ. ಕಳ್ಳಸಾಗಣೆಗೆ ಹೆಸರಾಗಿದ್ದ ಕರಾವಳಿಯಲ್ಲಿ ಗುಮ್ಮನ ಸುದ್ದಿ ಹಬ್ಬಿಸಿದವರಿಗೆ ಲಾಭವೂ ಇದ್ದಿರಬೇಕು ಎಂದು ನನ್ನ ಗುಮಾನಿ. ಅಲ್ಲಿ, ಮತ್ತೆ ಸ್ಟೂಪ್ ಬೆಕ್‌ನಲ್ಲಿ ಮೇಲೇರಲು ದಾರಿ ಇದೆ. ಅದರಾಚೆ ರೇವನ್‌ಸ್ಕಾರ್ ಬುಡದವರೆಗೂ ಒಂದು ಕಡೆ ಕಡಲು, ಇನ್ನೊಂದು ಕಡೆ ಕುಸಿಯುವ ಜೇಡಿಮಣ್ಣಿನ ದಂಡೆ, ಕಾಲಡಿಗೆ ಉರುಳುಗಲ್ಲು. ಮೇಲೆ ಹತ್ತಿ ಪಾರಾಗುತ್ತೇನೆ ಎಂದು ಆ ಮಣ್ಣಿಗೆ ಕೈಹಾಕುವುದು ನೀರಿಗಿಂತ ಕೆಟ್ಟದ್ದು. ಸಿಕ್ಕಿಹಾಕಿಕೊಂಡರೆ 999ಕ್ಕೆ ಕರೆ ಮಾಡಿ ‘ಕೋಸ್ಟ್‌ಗಾರ್ಡ್’ ಎಂದು ಕೇಳಬೇಕು.

ವೇಳಾಪಟ್ಟಿಯ ವಿಷಯದಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಅಚ್ಚಾದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಗ್ರೀನಿಚ್ ಸಮಯ ಇರುತ್ತದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಬ್ರಿಟನ್ನಿನ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ, ಪಟ್ಟಿಯಲ್ಲಿ ಇಳಿತ 11:10 ಎಂದಿದ್ದರೆ ಕೈಗಡಿಯಾರದಲ್ಲಿ ಅದು 12:10. ಇದನ್ನು ಯಾರೋ ಹೇಳಿಕೊಟ್ಟಿದ್ದರು, ನಾನು ಶ್ರದ್ಧೆಯಿಂದ ಒಂದು ಗಂಟೆ ಕೂಡಿಸಿದೆ. ಆದರೆ ನಾನು ನೋಡುತ್ತಿದ್ದುದು ಮೊಬೈಲ್. ಅದು ಆಗಲೇ ಕೂಡಿಸಿ ತೋರಿಸಿತ್ತು. ನೀರು ಇಳಿಯುತ್ತಿದೆ ಎಂದು ನಾನು ನಂಬಿಕೊಂಡಿದ್ದ ಹೊತ್ತಿನಲ್ಲಿ ಅದು ತಿರುಗಿ ಅರ್ಧ ಗಂಟೆಯಾಗಿತ್ತು. ಹೆಚ್ಚೇನೂ ಆಗಲಿಲ್ಲ, ಬೂಟು ಕಾಲುಚೀಲ ನೆನೆದವು, ಅಷ್ಟೇ. ಪಟ್ಟಿ ಯಾವ ಗಡಿಯಾರದ್ದು ಎಂದು ಮೊದಲು ಓದಿಕೊಳ್ಳಿ. ಊರಿನಲ್ಲಿ ಯಾರನ್ನಾದರೂ ಕೇಳುವುದು ಇನ್ನೂ ಒಳ್ಳೆಯದು.

ಮಗ ಬಿಡುವಿನ ದಿನಗಳನ್ನು ಕೊಟ್ಟರೆ ಪಂಚಾಂಗ ತೆರೆದೇ ದಿನ ಆರಿಸಬಹುದು, ಚಂದ್ರ ಎಲ್ಲರಿಗೂ ಒಬ್ಬನೇ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಬಿದಿಗೆ ತದಿಗೆಯ ಹೊತ್ತಿಗೆ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿ ಕಳೆದು ದಶಮಿಯ ಸುಮಾರಿಗೆ ಈ ಏರಿಳಿತ ಅರ್ಧಕ್ಕೆ ಬರುತ್ತದೆ. ‘ಹಾಗಾದರೆ ದಶಮಿಯೇ ಸುರಕ್ಷಿತ’ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ದಿನ ನೀರು ನಿಧಾನವಾಗಿ ಏರುತ್ತದೆ ನಿಜ, ಆದರೆ ಸರಿಯಾಗಿ ಇಳಿಯುವುದೂ ಇಲ್ಲ. ನಡೆಯಲು ಸಿಗುವ ಜಾಗವೇ ಕಡಿಮೆ. ತದಿಗೆಯ ದಿನ ಜಾಗ ವಿಶಾಲ, ಸಮಯ ಬಿಗಿ. ಸಮಯ ಪಾಲಿಸುವವರಿಗೆ ತದಿಗೆಯೇ ವಾಸಿ. ಯಾವ ದಿನವಾದರೂ ಕಡಲ ಕಡೆಯಿಂದ ಗಾಳಿ ಬಲವಾಗಿ ಬೀಸುತ್ತಿದ್ದರೆ ಪಟ್ಟಿಯನ್ನು ಮಡಚಿ ಜೇಬಿಗಿಟ್ಟು ಮೇಲಿನ ದಾರಿ ಹಿಡಿಯಿರಿ.

ಮೇಲಿನ ದಾರಿ ಹಿಡಿದರೆ ಮರ್ಯಾದೆ ಕಡಿಮೆಯೇನಲ್ಲ. 1881ರ ಜನವರಿಯಲ್ಲಿ ‘ವಿಸಿಟರ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಈ ಕೊಲ್ಲಿಯಲ್ಲಿ ಮುಳುಗಿತು, ಅದರ ಆರು ನಾವಿಕರು ಸಣ್ಣ ದೋಣಿಯೊಂದರಲ್ಲಿ ಚಳಿಗೆ ಮರಗಟ್ಟುತ್ತಿದ್ದರು. ಜೀವರಕ್ಷಕ ದೋಣಿ ಇದ್ದುದು ವಿಟ್ಬಿ ಎಂಬ ಬಂದರು ಊರಿನಲ್ಲಿ. ಕಡಲಿನಲ್ಲಿ ಬರುವುದು ಸಾಧ್ಯವೇ ಇರಲಿಲ್ಲ. ಹುಟ್ಟಿದಂದಿನಿಂದ ಕಡಲನ್ನೇ ನೋಡಿದ್ದ ಆ ಜನ ದೋಣಿಯನ್ನು ನೆಲದ ಮೇಲೆ ಎಳೆದು ತಂದರು, ಆರು ಮೈಲಿ, ಆಳೆತ್ತರದ ಹಿಮ ಬಗೆಯುತ್ತ, ಹದಿನೆಂಟು ಕುದುರೆ ಮತ್ತು ಇನ್ನೂರರಷ್ಟು ಜನ ಸೇರಿ. ಊರಿನ ಕಡಿದಾದ ಇಳಿಜಾರಿನಲ್ಲಿ ಹಗ್ಗ ಕಟ್ಟಿ ಇಳಿಸಿದರು. ಆರೂ ಮಂದಿ ಬದುಕಿದರು.

ಈಗ ನಿಮ್ಮ ಮನೆಯವರ ಮಂಡಿ. ಮೇಲಿನ ಕಾಲುದಾರಿ ಕ್ಲೀವ್‌ಲ್ಯಾಂಡ್ ವೇ ಎಂಬ ದೊಡ್ಡ ಹಾದಿಯ ತುಣುಕು. ಅದು ಬಾಗಲ್ ಹೋಲ್‌ಗೆ ಇಳಿದು ಹತ್ತಿ, ಸ್ಟೂಪ್ ಬೆಕ್‌ಗೆ ಮತ್ತೆ ಇಳಿದು ಹತ್ತಿ, ಕೊನೆಗೆ ಸುಮಾರು 180 ಮೀಟರ್ ಎತ್ತರದ ರೇವನ್‌ಸ್ಕಾರ್‌ಗೆ ಏರುತ್ತದೆ. ಮೆಟ್ಟಿಲುಗಳು ಬಹಳ. ಅವರನ್ನು ಕಾರಿನಲ್ಲಿ ರೇವನ್‌ಸ್ಕಾರ್‌ಗೆ ಬಿಟ್ಟು, ಅಲ್ಲಿಂದ ಹಳೆಯ ರೈಲು ಹಾದಿಯಲ್ಲಿ ಊರ ಕಡೆಗೆ ನಡೆಸಿ. 1885ರಲ್ಲಿ ಶುರುವಾದ ಆ ರೈಲು 1965ರಲ್ಲಿ ನಿಂತಿತು. ಹಳಿ ಕಿತ್ತ ಜಾಗ ಈಗ ಸಿಂಡರ್ ಟ್ರ್ಯಾಕ್ ಎಂಬ ನಡಿಗೆ ಹಾದಿ. ಅಲ್ಲಿಯ ಇಳಿಜಾರು ಅತಿ ಕಡಿದಾದಲ್ಲೂ 39 ಅಡಿಗೆ ಒಂದು ಅಡಿ. ಉಗಿಬಂಡಿಗೆ ಅದು ಏದುಸಿರು ಬರಿಸುತ್ತಿತ್ತು, ಮಂಡಿಗೆ ಗೊತ್ತೂ ಆಗುವುದಿಲ್ಲ. ಏಳೆಂಟು ಕಿಲೋಮೀಟರ್ ನಿಧಾನವಾಗಿ ಇಳಿದರೆ ಊರಿನ ಮೇಲ್ತುದಿ.

ಆದರೆ ಮೇಲ್ತುದಿಯಿಂದ ದೋಣಿಕಟ್ಟೆಗೆ ಇಳಿಯುವ ಬೀದಿ ಇಡೀ ದಾರಿಯಲ್ಲೇ ಕಡಿದಾದದ್ದು, ಪ್ರವಾಸಿಗರ ಕಾರುಗಳನ್ನು ಅಲ್ಲಿಗೆ ಬಿಡುವುದಿಲ್ಲ. ಅವರು ಇಳಿಯದಿದ್ದರೂ ನಷ್ಟವಿಲ್ಲ. ಕಡಲು ಹಿಂದೆ ಸರಿದ ಹೊತ್ತಿನಲ್ಲಿ ರೇವನ್‌ಸ್ಕಾರ್‌ನ ಎತ್ತರದಲ್ಲಿ ನಿಂತು ಕೊಲ್ಲಿಯನ್ನು ನೋಡಿರುತ್ತಾರಲ್ಲ, ಬಳೆಚೂರುಗಳ ಆ ಪೂರ್ತಿ ಬಾಗು ಕೆಳಗೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಿರುವ ನಿಮಗೆ ಕಾಣುವುದೇ ಇಲ್ಲ.