ಹಳೆಯ ಕಲ್ಲಿನಲ್ಲಿ ಕಡಲ ಜೀವಿಯನ್ನು ಹುಡುಕಬೇಡಿ

ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯಿಂದ ಜನ ಮೈಸೂರಿಗೆ ನನ್ನ ಬಳಿ ದುಂಡುಕಲ್ಲು ಹೊತ್ತು ತರುವುದು ಹೊಸದಲ್ಲ. ಈಗ ಕಲ್ಲಿನ ಜೊತೆಗೆ ಹೆಸರೂ ಬರುತ್ತದೆ. ಮೊಬೈಲ್ ಆಪ್ ಫೋಟೊ ನೋಡಿ ‘ಆರ್ಕಿಯೋಸಿಡಾರಿಸ್’ ಎಂಬ ಜೀವಿಯ ಪಳೆಯುಳಿಕೆ ಎಂದು ತೀರ್ಪು ಕೊಟ್ಟಿರುತ್ತದೆ. ಅದು ಸೇರುವ ಆರ್ಕಿಯೋಸಿಡಾರಿಡೆ ಎಂಬುದು ಸೀ ಅರ್ಚಿನ್‌ಗಳ, ಅಂದರೆ ಕಡಲ ಮುಳ್ಳುಚೆಂಡುಗಳ, ಅಳಿದುಹೋದ ಒಂದು ಕುಟುಂಬ. ಸುಮಾರು 25 ಕೋಟಿ ವರ್ಷಗಳ ಹಿಂದಿನ ಪರ್ಮಿಯನ್ ಮಹಾ ಅಳಿವಿನ ಹೊತ್ತಿಗೆ ಅದರ ಕಥೆ ಮುಗಿಯಿತೆಂದೇ ಸಾಮಾನ್ಯವಾಗಿ ಹೇಳುತ್ತೇವೆ.

‘ಇಲ್ಲಿ ಅದು ಸಿಗುವುದಿಲ್ಲ’ ಎಂದರೆ ಬರುವ ಉತ್ತರ ಒಂದೇ: ‘ನಮ್ಮ ಕಲ್ಲು ಬಹಳ ಹಳೆಯದಲ್ಲವೇ ಸಾರ್?’ ಹೌದು, ಅದೇ ತೊಂದರೆ. ಮೈಸೂರು, ಮಂಡ್ಯದ ನೆಲದಡಿಯ ‘ನೈಸ್’ ಎಂಬ ಗಟ್ಟಿ ಶಿಲೆಗೆ ಸುಮಾರು 300 ಕೋಟಿ ವರ್ಷ. ಮುಳ್ಳುಚೆಂಡುಗಳು ಹುಟ್ಟಿದ್ದು ಸುಮಾರು 45 ಕೋಟಿ ವರ್ಷಗಳ ಹಿಂದೆ. ಕಲ್ಲು ತಯಾರಾಗಿ ಇನ್ನೂರೈವತ್ತು ಕೋಟಿ ವರ್ಷ ಕಳೆದ ಮೇಲೆ ಹುಟ್ಟಿದ ಪ್ರಾಣಿ ಆ ಕಲ್ಲಿನೊಳಗೆ ಹೋಗಿ ಕುಳಿತುಕೊಳ್ಳುವುದು ಹೇಗೆ? ಚಾಮುಂಡಿ ಬೆಟ್ಟದ ಗ್ರಾನೈಟ್ ವಯಸ್ಸಿನಲ್ಲಿ ಇದಕ್ಕಿಂತ ಎಷ್ಟೋ ಚಿಕ್ಕದು, ಸುಮಾರು 80 ಕೋಟಿ ವರ್ಷದ್ದು. ಅದಕ್ಕೂ ಇದೇ ಮಾತು. ಮೇಲಾಗಿ ಅದು ನೆಲದಾಳದಲ್ಲಿ ಕರಗಿದ ಶಿಲಾಪಾಕ ಆರಿ ಆದದ್ದು. ಅಲ್ಲಿ ಯಾವ ಚಿಪ್ಪೂ ಉಳಿಯುವುದಿಲ್ಲ.

ಕಲ್ಲು ಇಡಿಯಾಗಿ ದುಂಡಗಿರುವುದೂ ಅನುಮಾನಕ್ಕೇ ಕಾರಣ. ಇಂದಿನ ಮುಳ್ಳುಚೆಂಡಿನ ಚಿಪ್ಪು ಸಾಮಾನ್ಯವಾಗಿ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ಆರ್ಕಿಯೋಸಿಡಾರಿಸ್‌ನ ಚಿಪ್ಪಿನ ಫಲಕಗಳಾದರೋ ಮನೆಯ ಹೆಂಚುಗಳ ಹಾಗೆ ಒಂದರ ಮೇಲೊಂದು ಒರಗಿದ್ದವು. ಪ್ರಾಣಿ ಸತ್ತ ಕೂಡಲೇ ಚೆಲ್ಲಾಪಿಲ್ಲಿ. ಹಾಗಾಗಿ ಇಂಗ್ಲೆಂಡಿನಲ್ಲಾಗಲಿ ಟೆಕ್ಸಾಸಿನಲ್ಲಾಗಲಿ ಹೆಚ್ಚಾಗಿ ಸಿಗುವುದು ಬಿಡಿ ಫಲಕ, ಬಿಡಿ ಮುಳ್ಳು. ಫಲಕದ ನಡುವೆ ಒಂದೇ ದೊಡ್ಡ ಗುಬುಟು, ಅದರ ತುದಿಯಲ್ಲಿ ಸಣ್ಣ ತೂತು. ಮುಳ್ಳು ಕೂರುತ್ತಿದ್ದ ಜಾಗ ಅದು. ಮುರಿದರೆ ಒಡೆದ ಮೈ ಕನ್ನಡಿಯಂತೆ ನುಣುಪಾಗಿ ಹೊಳೆಯುತ್ತದೆ, ಏಕೆಂದರೆ ಒಂದೊಂದು ಫಲಕವೂ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ ಒಂದೊಂದು ಹರಳು. (ದಯವಿಟ್ಟು ಮುರಿಯಬೇಡಿ.)

ಕಬ್ಬು ಬೆಳೆಯುವ ಹಿರಿಯರೊಬ್ಬರು ಇದನ್ನೆಲ್ಲ ಕೇಳಿಕೊಂಡು, ಜೇಬಿನಿಂದ ನಿಂಬೆಹಣ್ಣು ತೆಗೆದು ತಮ್ಮ ಕಲ್ಲಿನ ಮೇಲೆ ಹಿಂಡಿದರು. ನೊರೆ ಬಂತು. ಗೆದ್ದವರ ನಗು ನಕ್ಕರು. ಅಷ್ಟು ಸಿದ್ಧತೆ ಮಾಡಿಕೊಂಡು ಬಂದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಆದರೆ ನೊರೆ ಹೇಳುವುದು ಸುಣ್ಣವಿದೆ ಎಂಬುದನ್ನಷ್ಟೇ. ನಮ್ಮ ಹೊಲಗಳ ಅಡಿಮಣ್ಣಿನಲ್ಲಿ ಸುಣ್ಣ ಕಟ್ಟಿಕೊಂಡು ಗಂಟುಗಂಟಾಗಿ ಬೆಳೆಯುತ್ತದೆ. ಅವರ ಕೈಯಲ್ಲಿದ್ದದ್ದು ಅದೇ.

ಮುಳ್ಳುಚೆಂಡಿನ ಪಳೆಯುಳಿಕೆಯನ್ನು ನೋಡಲೇಬೇಕೆಂಬ ಆಸೆಯಿದ್ದರೆ ತಮಿಳುನಾಡಿನ ಅರಿಯಲೂರು ಕಡೆ ಸುಣ್ಣಕಲ್ಲಿನಲ್ಲಿವೆ. ಅವು ಬೇರೆ ಕುಟುಂಬಗಳವು, ಡೈನೋಸಾರ್ ಕಾಲದವು. ಅಲ್ಲಿಂದ ಬಂದ ಕಲ್ಲಾದರೆ ಮೊದಲೇ ತಿಳಿಸಿ. ಆಗ ನನ್ನ ಮಾತೇ ಬೇರೆಯಾದೀತು. ಫೋಟೊ ನೋಡಿ ನಾನು ಏನನ್ನೂ ಹೇಳುವುದಿಲ್ಲ. ಕಲ್ಲನ್ನು ತರುವುದಾದರೆ ನೀರಿನಲ್ಲಿ ತೊಳೆದು ತನ್ನಿ. ಎಣ್ಣೆ, ಅರಿಸಿನ, ಕುಂಕುಮ ಬೇಡ.