429 ಕೋಟಿಯ ಸಂಖ್ಯೆ, 641ರ ಏಟು

4,29,49,67,297. ನೋಡೋಕೆ ಯಾವುದೋ ಬಜೆಟ್ ಲೆಕ್ಕದ ಹಾಗಿದೆ, ಅಲ್ವಾ? 1 ಮತ್ತು ಇದೇ ಸಂಖ್ಯೆ ಬಿಟ್ಟರೆ ಇದನ್ನು ಬೇರೆ ಯಾವ ಸಂಖ್ಯೆಯೂ ಭಾಗಿಸುವುದಿಲ್ಲ, ಅಂದರೆ ಇದು ಅವಿಭಾಜ್ಯ ಎಂಬ ನಂಬಿಕೆ ತೊಂಬತ್ತು ವರ್ಷಕ್ಕೂ ಜಾಸ್ತಿ ಬಾಳಿತು.

ಶುರುವಾಗಿದ್ದು 1640ರಲ್ಲಿ. ಪಿಯರ್ ಡಿ ಫರ್ಮಾ ಫ್ರಾನ್ಸಿನ ಟುಲೂಸ್ ನ್ಯಾಯಾಲಯದಲ್ಲಿದ್ದವನು, ಗಣಿತ ಅವನ ಹವ್ಯಾಸ. ಅವನು ಗಮನಿಸಿದ್ದು ಇಷ್ಟು: 2ರಿಂದ ಶುರುಮಾಡಿ ವರ್ಗ ಮಾಡುತ್ತಾ ಹೋದರೆ 4, 16, 256, 65536 ಬರುತ್ತವೆ. 2ಕ್ಕೂ ಇವಕ್ಕೂ ಒಂದೊಂದು ಸೇರಿಸಿದರೆ 3, 5, 17, 257, 65537. ಐದೂ ಅವಿಭಾಜ್ಯ. ಹಾಗಾದರೆ ಮುಂದಿನವೆಲ್ಲ ಅವಿಭಾಜ್ಯವೇ ಇರಬೇಕು ಎಂದು ಅವನು ಗೆಳೆಯರಿಗೆ ಪತ್ರ ಬರೆದ. ಸಾಧಿಸೋಕೆ ಆಗಿಲ್ಲ ಎಂದೂ ಒಪ್ಪಿಕೊಂಡ. ಸಾಲಿನಲ್ಲಿ ಆರನೆಯದೇ ನಮ್ಮ 429 ಕೋಟಿ.

1729ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಪತ್ರ ಬರೆದು ಈ ವಿಷಯವನ್ನು ಇನ್ನೊಬ್ಬ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಕಿವಿಗೆ ಹಾಕಿದ. 1732ರಲ್ಲಿ ಆಯ್ಲರ್ ಉತ್ತರ ಕೊಟ್ಟ: 641ರಿಂದ ಭಾಗವಾಗುತ್ತದೆ! ಬೇಕಾದರೆ ನೀವೇ ನೋಡಿ. 67,00,417ನ್ನು 640ರಿಂದ ಗುಣಿಸಿದರೆ 4,28,82,66,880. ಇನ್ನೊಂದು 67,00,417 ಕೂಡಿಸಿ. ಅದೇ ಸಂಖ್ಯೆ.

ಆದರೆ 641ನ್ನು ಹುಡುಕೋದು ಹೇಗೆ? ಇದಕ್ಕೆ ಆಯ್ಲರ್ ಆಮೇಲೆ ದಾರಿ ತೋರಿಸಿದ. ಈ ಸಂಖ್ಯೆಯನ್ನು ಯಾವುದೇ ಅವಿಭಾಜ್ಯ ಭಾಗಿಸಬೇಕಾದರೆ, ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, ಆಮೇಲೆ 641. ಐದನೇ ಪ್ರಯತ್ನಕ್ಕೇ ಸಿಕ್ಕಿತು!

ನನಗೆ ಸೋಜಿಗ ಅನಿಸೋದು ಇಲ್ಲೇ. ಇಂಥದೇ ಶೇಷದ ಉಪಾಯ ಫರ್ಮಾನ ಕೈಯಲ್ಲೂ ಇತ್ತು. ಅದರಿಂದಲೇ, 2ರ 37ನೇ ಘಾತದಲ್ಲಿ ಒಂದು ಕಳೆದರೆ ಬರುವ ಸಂಖ್ಯೆಯನ್ನು 223 ಭಾಗಿಸುತ್ತದೆ ಎಂದು ಅದೇ 1640ರಲ್ಲಿ ಅವನೇ ಕಂಡುಹಿಡಿದಿದ್ದ. ಬಹುಶಃ ಭಾಗಾಕಾರದಲ್ಲಿ ಎಲ್ಲೋ ಎಡವಿದ, ಮತ್ತೆ ನೋಡಲೇ ಇಲ್ಲ ಅಂತ ನನ್ನ ಊಹೆ.

ಸಾಲಿನ ಮುಂದಿನ ಸಂಖ್ಯೆಗೆ ಇಪ್ಪತ್ತು ಅಂಕಿ. ಅದನ್ನು 1880ರಲ್ಲಿ ಒಡೆದವನು 82 ವರ್ಷದ ಫ್ರೆಂಚ್ ಗಣಿತಜ್ಞ ಲಾಂಡ್ರಿ. 2,74,177 ಅದರ ಒಂದು ಅಪವರ್ತನ.

ಫರ್ಮಾನ ಊಹೆ ಬಿದ್ದರೂ ಆ ಮೊದಲ ಐದು ಸಂಖ್ಯೆಗಳಿಗೆ ಬೇರೆ ಕಡೆ ಬೆಲೆ ಬಂತು. 1796ರಲ್ಲಿ 18ರ ಹುಡುಗ ಗೌಸ್, ಬರೀ ಕೈವಾರ ಮತ್ತು ಪಟ್ಟಿಯಿಂದ 17 ಬಾಹುಗಳ ಸಮ ಬಹುಭುಜ ಬರೆಯಬಹುದು ಎಂದು ತೋರಿಸಿದ. ಹೀಗೆ ಬರೆಯಬಲ್ಲ, ಬೆಸ ಸಂಖ್ಯೆಯ ಬಾಹುಗಳಿರುವ ಆಕೃತಿಗಳೆಲ್ಲ ಫರ್ಮಾನ ಅವಿಭಾಜ್ಯಗಳಿಂದಲೇ ಹುಟ್ಟುತ್ತವೆ. ಈಗ ಗೊತ್ತಿರುವ ಐದನ್ನೂ ಗುಣಿಸಿದರೆ 4,29,49,67,295. ನಮ್ಮ ಸಂಖ್ಯೆಗಿಂತ ಎರಡೇ ಕಮ್ಮಿ. ಅಷ್ಟು ಬಾಹುಗಳ ಆಕೃತಿಯನ್ನೂ ಬರೆಯಬಹುದು, ಕಾಗದ ಸಿಕ್ಕರೆ! ಕಂಪ್ಯೂಟರಿನ 32 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಸಂಖ್ಯೆಯೂ ಇದೇ.

ಆರನೇ ಅವಿಭಾಜ್ಯ ಮಾತ್ರ ಇನ್ನೂ ಸಿಕ್ಕಿಲ್ಲ. ನಮ್ಮ ಸಂಖ್ಯೆಯೂ (2ರ 32ನೇ ಘಾತಕ್ಕೆ ಒಂದು ಸೇರಿಸಿದ್ದು) ಸಾಲಿನಲ್ಲಿ ಅದರ ಮುಂದಿನ 27 ಸಂಖ್ಯೆಗಳೂ ಭಾಗವಾಗುತ್ತವೆ ಎಂದು ಗೊತ್ತಾಗಿದೆ. ಅದರಾಚೆಯದು ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೆ 250 ಕೋಟಿಗಿಂತ ಜಾಸ್ತಿ ಅಂಕಿಗಳಿವೆ.